ಅವ್ವ ಮಣ್ಣು ಮಾಡಿದ ಗಂಟು

ತಂಗಿಯ ಕುತ್ತಿಗೆಯಲ್ಲಿ ಗಂಟು ಎದ್ದಿವೆ ಎಂಬ ಸುದ್ದಿ ಬಂದಾಗ ನನಗೆ ಮೊದಲು ಆದದ್ದು ಹೊಟ್ಟೆಕಿಚ್ಚು. ಇದನ್ನು ಹೀಗೆ ನೇರವಾಗಿ ಬರೆಯಲು ಕೈ ಹಿಂಜರಿಯುತ್ತದೆ. ಆದರೆ ಇದೊಂದನ್ನು ಮುಚ್ಚಿಟ್ಟರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ನಾನು ರಾಯಚೂರಿನಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಅವ್ವ ಮಾನ್ವಿಯಲ್ಲಿ, ನಮ್ಮ ತವರುಮನೆಯಲ್ಲಿದ್ದಾಳೆ. ತಂಗಿಯನ್ನು ಕೊಟ್ಟದ್ದು ದೇವದುರ್ಗಕ್ಕೆ. ಸುದ್ದಿ ಅವ್ವನ ಫೋನಿನಿಂದ ಬಂತು.

"ಲೇ, ತಂಗಿ ಕುತ್ತಿಗ್ಯಾಗ ಗಂಟೆದ್ದಾವಂತ. ಬಲಗಡಿ ಎರಡು, ಎಡಗಡಿ ಒಂದು. ಹದಿನೈದು ದಿನ ಆತಂತ ಜ್ವರ ಬಿಟ್ಟಿಲ್ಲ. ಬಾಯಿ ತುಂಬ ಹುಣ್ಣು, ನೀರು ಕುಡದ್ರೂ ಉರೀತದಂತ. ನಾ ಹೊಂಟೀನಿ."

"ಯಾವ ಬಸ್ಸಿಗೆ?"

"ಯಾವುದು ಮೊದಲು ಬರ್ತದ ಅದಕ್ಕ."

ಅದೇ ವಾರ ನನಗೆ ಸೊಂಟ ಹಿಡಿದು, ಬಗ್ಗಿ ಚಪ್ಪಲಿ ಹಾಕಿಕೊಳ್ಳಲೂ ಆಗದೆ, ಅವ್ವನಿಗೆ ಫೋನ್ ಮಾಡಿದ್ದೆ. "ಎಣ್ಣಿ ಹಚ್ಕೊಂಡು ಬಿಸಿನೀರು ಹಾಕ್ಕೋ ಬೇ. ನೀ ಗಟ್ಟಿ ಅದಿ," ಎಂದು ಫೋನು ಇಟ್ಟಿದ್ದಳು. ನನಗೆ ಎಣ್ಣೆ, ಅವಳಿಗೆ ಮೊದಲ ಬಸ್ಸು.

ಈ ಲೆಕ್ಕ ಹಳೆಯದು. ನನಗೆ ಎಂಟು ವರ್ಷ, ಅವಳಿಗೆ ಮೂರು ಇದ್ದಾಗ ಅವ್ವ ಮಾನ್ವಿ ಸುತ್ತಲಿನ ಕಾಲುವೆ ಗದ್ದೆಗಳಿಗೆ ನೆಲ್ಲು ಹಚ್ಚಲು ಹೋಗುತ್ತಿದ್ದಳು. ಬುತ್ತಿ ನನ್ನ ತಲೆಯ ಮೇಲೆ, ತಂಗಿ ಅವ್ವನ ಬಗಲಲ್ಲಿ. ಮಧ್ಯಾಹ್ನ ಹೆಂಗಸರೆಲ್ಲ ಬದುವಿನ ಮೇಲೆ ಸಾಲಾಗಿ ಕೂತರೆ ಅವ್ವ ಕೆಸರು ಕೈ ತೊಳೆದುಕೊಂಡು ಮೊದಲ ತುತ್ತನ್ನು ಕಲಸಿ ತಂಗಿಯ ಬಾಯಿಗೆ ಇಡುತ್ತಿದ್ದಳು. ನಾನೂ ಬಾಯಿ ತೆರೆದರೆ, "ನೀ ದೊಡ್ಡಾಕಿ, ನಿನ್ನ ಕೈಲೆ ನೀ ಉಣ್ಣು" ಎನ್ನುವಳು. ನಾನು ಉಣ್ಣುತ್ತಾ ಆ ಸಾಲಿನಲ್ಲಿದ್ದ ಮುದುಕಿಯರ ಮಾತು ಕೇಳುತ್ತಿದ್ದೆ. ಅವರ ಬೈಗುಳ, ಅವರ ನಗೆ, ಸೊಸೆಯಂದಿರ ಮೇಲಿನ ಚಾಡಿ, ಸತ್ತ ಗಂಡಂದಿರನ್ನು ಇನ್ನೂ ಒಳಕೋಣೆಯಲ್ಲಿದ್ದಾರೆ ಎಂಬಂತೆ ಗದರುವ ರೀತಿ. ಇವತ್ತು ನಾನು ಬರೆಯುವ ಮಾತೆಲ್ಲ ಅಲ್ಲಿ ಕಲಿತದ್ದು. ಆಗ ಮಾತ್ರ ನನಗೆ ಬೇಕಾಗಿದ್ದದ್ದು ಆ ಒಂದು ತುತ್ತು.

ಒಮ್ಮೆ ತಂಗಿಗೆ ದಡಾರ ಬಂದು ಅವ್ವ ಎಂಟು ದಿನ ಕೂಲಿ ಬಿಟ್ಟು ಅವಳ ಹಾಸಿಗೆ ಹತ್ತಿರವೇ ಕೂತಳು. ಕಂಕುಳಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಜ್ವರ ಬರುತ್ತದೆ ಎಂದು ಗೆಳತಿಯೊಬ್ಬಳು ಹೇಳಿದ್ದಳು. ಎರಡೂ ಕಡೆ ಒಂದೊಂದು ಇಟ್ಟುಕೊಂಡು ಕಂಬಳಿ ಹೊದ್ದು ಮಲಗಿ ನರಳಿದೆ. ಅವ್ವ ಬಂದಳು. ಹಣೆ ಮುಟ್ಟಲಿಲ್ಲ, ಮೂಗು ಎಳೆದು ವಾಸನೆ ನೋಡಿದಳು.

"ಸಾರಿಗೆ ಇಟ್ಟ ಉಳ್ಳಾಗಡ್ಡಿ ಎಲ್ಲಿ ಹೋದ್ವು ಅಂತ ಹುಡುಕಾಕತ್ತಿದ್ದೆ. ತಾ ಇಲ್ಲಿ, ಹೆಚ್ಚಬೇಕು."

ಮನೆ ತುಂಬ ನಗೆ. ದಡಾರದ ತಂಗಿಯೂ ನಕ್ಕಳು.

ಹೀಗಿರುವ ನಾನು, ಮೂವತ್ತೆಂಟನೆಯ ವಯಸ್ಸಿನಲ್ಲಿ, ಅವಳ ಕುತ್ತಿಗೆಯ ಗಂಟಿಗೂ ಹೊಟ್ಟೆ ಉರಿದುಕೊಂಡೆ.

ದೇವದುರ್ಗದಲ್ಲಿ ಕಥೆ ಬೇರೆಯೇ ದಾರಿ ಹಿಡಿದಿತ್ತು. ಕುತ್ತಿಗೆಯಲ್ಲಿ ಗಂಟು ಕಂಡರೆ ನಮ್ಮ ಕಡೆ ಕೇಳುವುದೇ ಇಲ್ಲ, ಗಂಡಮಾಲೆ ಎನ್ನುತ್ತಾರೆ. ಗಂಡಮಾಲೆ ಎಂದರೆ ಟಿಬಿ, ಟಿಬಿ ಎಂದರೆ ತಟ್ಟೆ ಬೇರೆ. ತಂಗಿಯ ಅತ್ತೆ ಅವಳ ತಟ್ಟೆ, ಲೋಟ, ಚಮಚೆಯನ್ನು ಹಿತ್ತಲ ಕಿಟಕಿಯಲ್ಲಿ ಇಟ್ಟಿದ್ದಳು. ಗುರುತಿಗೆ ತಟ್ಟೆಯ ಅಂಚಿಗೆ ಕೆಂಪು ದಾರ ಕಟ್ಟಿದ್ದಳು. ತಂಗಿಯ ಗಂಡ ಒಳ್ಳೆಯವನೇ, ಆದರೆ ತಾಯಿಯ ಎದುರು ಬಾಯಿ ಇಲ್ಲ. ಅವ್ವ ಹೋದ ದಿನ ಅತ್ತೆ ಬಾಗಿಲಲ್ಲೇ ನಿಂತು ಹೇಳಿದಳಂತೆ: "ಕರಕೊಂಡು ಹೋಗ್ರಿ ಬೀಗತಿ. ಏನ ರೋಗ ಅಂತ ಕಾಗದ ತಂದು ತೋರಸ್ರಿ. ಮ್ಯಾಲ ನೋಡೋಣು."

ಮೇಲೆ ನೋಡೋಣ ಎಂಬ ಮಾತಿನಲ್ಲಿ ತಂಗಿಯ ಸಂಸಾರ ನೇತಾಡುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದು ಕಾಗದ.

ಅವ್ವ ಅವಳನ್ನು ಕರೆದುಕೊಂಡು ನೇರ ನನ್ನ ಮನೆಗೆ ಬಂದಳು. ತಂಗಿ ಸೊರಗಿದ್ದಳು. ಕಿವಿಯ ಕೆಳಗೆ, ದವಡೆಯ ಮೂಲೆಗೆ, ಚರ್ಮದ ಒಳಗಡೆ ಹುಣಸೆಬೀಜ ಸೇರಿಕೊಂಡ ಹಾಗೆ ಗಂಟುಗಳು. ಮುಟ್ಟಿದರೆ "ಹಾಯ್" ಎಂದು ಕೈ ತಳ್ಳುವಳು. ಬಾಯಿಯ ಹುಣ್ಣಿಗೆ ಖಾರ ಆಗದು, ಉಪ್ಪು ಆಗದು. ಅವ್ವ ನನ್ನ ಅಡುಗೆಮನೆಯನ್ನು ವಶಪಡಿಸಿಕೊಂಡು ಅಕ್ಕಿ ಗಂಜಿ ತಿಳಿ ಮಾಡಿ, ಆರಿಸಿ, ಚಮಚೆಯಿಂದ ಕುಡಿಸತೊಡಗಿದಳು. ಮೂವತ್ತಮೂರು ವರ್ಷದವಳು ಗುಬ್ಬಿಮರಿಯ ಹಾಗೆ ಬಾಯಿ ತೆರೆಯುವಳು. ಶಾಲೆಯಿಂದ ಬಂದ ನಾನು ನನ್ನದೇ ಮನೆಯಲ್ಲಿ ಚಹಾ ಮಾಡಿಕೊಂಡು ಬಾಗಿಲಲ್ಲಿ ನಿಂತು ಕುಡಿಯುತ್ತಿದ್ದೆ.

ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರಮ್ಮ ಒಬ್ಬರ ಹತ್ತಿರ ಹೋದೆವು. ಚಿಕ್ಕ ದವಾಖಾನೆ. ಆಕೆ ತಂಗಿಯ ಹಿಂದೆ ನಿಂತು ಎರಡೂ ಕೈಯಿಂದ ಕುತ್ತಿಗೆಯನ್ನು ಮೇಲಿನಿಂದ ಕೆಳಗೆ ಒತ್ತುತ್ತಾ ಬಂದರು. ಬಾಯಿ ತೆರೆಸಿ ಟಾರ್ಚು ಹಾಕಿ ನೋಡಿದರು.

"ದೇವದುರ್ಗದಾಗ ಏನಂದ್ರು?"

"ಟಿಬಿ ಇರಬೇಕು, ಗುಳಗಿ ಶುರು ಮಾಡೋಣು ಅಂದ್ರು," ಎಂದಳು ತಂಗಿ.

"ಇರಬಹುದು. ನಮ್ಮ ಕಡೆ ಹೆಚ್ಚು ಅದೇ ಇರ್ತದ. ಆದ್ರ ಕ್ಯಾನ್ಸರಿನ ಜಾತಿದೂ ಹಿಂಗ ಕಾಣ್ತದ. ಇವೆರಡೂ ಅಲ್ಲದ, ಅಪರೂಪಕ್ಕ ಬರೋ ಗಂಟಿನ ರೋಗಗಳೂ ಕೆಲವು ಅದಾವ. ಮ್ಯಾಲಿಂದ ನೋಡಿದ್ರ ಎಲ್ಲಾ ಒಂದೇ ಥರ. ಒಂದು ಗಂಟು ತಗದು ಪರೀಕ್ಷಾ ಮಾಡದ ನಾ ಗುಳಗಿ ಬರೆಯಂಗಿಲ್ಲ."

ಎರಡು ದಿನದ ನಂತರ ಬೆಳಿಗ್ಗೆ ಬಲಗಡೆಯ ದೊಡ್ಡ ಗಂಟನ್ನು ತೆಗೆದರು. ಕುತ್ತಿಗೆಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಾಡಿದ್ದರಿಂದ ಹನ್ನೊಂದಕ್ಕೆಲ್ಲ ಮನೆಗೆ ಹೋಗಿ ಎಂದರು. ಗಂಟನ್ನು ಪರೀಕ್ಷೆ ಮಾಡುವ ಲ್ಯಾಬು ಅಲ್ಲಿರಲಿಲ್ಲ. ನಮ್ಮ ಊರಲ್ಲಿ ಇದು ಮಾಮೂಲು: ತೆಗೆದದ್ದನ್ನು ಬಾಟಲಿಯಲ್ಲಿ ಹಾಕಿ ಮನೆಯವರ ಕೈಗೇ ಕೊಡುತ್ತಾರೆ, ಮನೆಯವರೇ ಲ್ಯಾಬಿಗೆ ಮುಟ್ಟಿಸಬೇಕು. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಗಂಟಿನ ಒಂದೊಂದು ತುಂಡು ಹಾಕಿದ ಎರಡು ಚಿಕ್ಕ ಬಾಟಲಿ ಇದ್ದ ಪ್ಲಾಸ್ಟಿಕ್ ಚೀಲ ಕೊಟ್ಟರು.

"ಒಂದರಾಗ ಔಷಧದ ನೀರದ, ಇನ್ನೊಂದರಾಗ ಉಪ್ಪಿನ ನೀರು. ಮುಚ್ಚಳ ತೆಗೀಬ್ಯಾಡ್ರಿ, ನೀರು ಚೆಲ್ಲಬ್ಯಾಡ್ರಿ. ಇವತ್ತ ಮುಟ್ಟಬೇಕು. ತಿಳೀತಲ್ರಿ ಟೀಚರ್?"

"ತಿಳೀತ್ರಿ," ಎಂದೆ.

ಲ್ಯಾಬು ನನ್ನ ಶಾಲೆಯ ದಾರಿಯಲ್ಲೇ ಇತ್ತು. ಮಧ್ಯಾಹ್ನದ ಪಾಳಿಗೆ ಹೋಗುವಾಗ ಕೊಟ್ಟು ಹೋದರೆ ಐದು ನಿಮಿಷದ ಕೆಲಸ.

ಮನೆಗೆ ಬಂದೆವು. ತಂಗಿ ಮಲಗಿದಳು. ಅವ್ವ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಜಿ ಕುಡಿಸತೊಡಗಿದಳು. ಬೆಳಿಗ್ಗೆಯಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ಅವ್ವಾ, ನನಗೂ ಜರಾ ಏನಾರ ಹಾಕ್ತೀಯೇನು? ಶಾಲಿಗೆ ಹೊತ್ತಾತು."

ಅವ್ವ ತಲೆ ಎತ್ತಲಿಲ್ಲ. "ರೊಟ್ಟಿ ಬುಟ್ಟ್ಯಾಗ ಅದಾವ ನೋಡು. ನಿನಗೇನಾಗ್ಯಾದ? ಕೈಕಾಲು ನೆಟ್ಟಗ ಅದಾವ."

ಅಷ್ಟೇ ಮಾತು. ಅದಕ್ಕಿಂತ ದೊಡ್ಡ ಮಾತುಗಳನ್ನು ನಾನು ನಕ್ಕು ಬಿಟ್ಟಿದ್ದೇನೆ. ಆ ದಿನ ಬಿಡಲಿಲ್ಲ. ನನ್ನ ಕೈಚೀಲದಿಂದ ಆ ಬಾಟಲಿಗಳನ್ನು ತೆಗೆದು ಅವ್ವನ ಪಕ್ಕದಲ್ಲಿ ಇಟ್ಟೆ.

"ತಗೋ. ನಿನ್ನ ಮಗಳ ಗಂಟು. ನೀನ ಇಟ್ಕೋ."

ಲ್ಯಾಬು ಎನ್ನಲಿಲ್ಲ. ನೀರು ಚೆಲ್ಲಬೇಡ ಎನ್ನಲಿಲ್ಲ. ಇವತ್ತೇ ಎನ್ನಲಿಲ್ಲ. ಅವ್ವನಿಗೆ ಓದು ಬರುವುದಿಲ್ಲ, ಬಾಟಲಿಯ ಮೇಲಿನ ಚೀಟಿ ಅವಳಿಗೆ ಬರೀ ಬಿಳಿ ಕಾಗದ. ಅಂಗಳದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಒಳಗಿನಿಂದ ಕೂಗಿದಳು: "ಅರಿಷಿಣ ಎಲ್ಲಿ ಇಟ್ಟೀ ಬೇ?"

"ಮ್ಯಾಲಿನ ಡಬ್ಬ್ಯಾಗ," ಎಂದೆ.

ಗಂಜಿಗೆ ಅರಿಶಿನ ಹಾಕುವುದಿಲ್ಲ. ಗಾಯಕ್ಕೆ ಪಟ್ಟಿ ಕಟ್ಟಿಯಾಗಿತ್ತು. ಅರಿಶಿನ ಯಾಕೆ ಎಂದು ನಾನು ಕೇಳಲಿಲ್ಲ. ಬೀದಿಗೆ ಇಳಿದೆ. ಸಂಜೆ ಬಂದು, ನಾಳೆ ಮುಂಜಾನೆ ಕೊಟ್ಟರಾಯಿತು, ಒಂದು ದಿನದಲ್ಲಿ ಏನಾಗುತ್ತದೆ ಎಂದು ದಾರಿಯಲ್ಲಿ ನನಗೆ ನಾನೇ ಹೇಳಿಕೊಂಡೆ. ಲ್ಯಾಬಿನ ಮುಂದೆಯೇ ಹಾದು ಹೋದೆ.

ಸಂಜೆ ಮನೆಗೆ ಬಂದರೆ ಎರಡೂ ಬಾಟಲಿ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದ್ದವು.

"ಅವ್ವಾ, ಒಳಗಿಂದು ಎಲ್ಲದ?"

"ಮಣ್ಣು ಮಾಡೀನಿ," ಎಂದಳು ಅವ್ವ, ಪಾತ್ರೆ ತಿಕ್ಕುತ್ತಾ. "ನುಗ್ಗಿ ಗಿಡದ ಬುಡಕ. ಅರಿಷಿಣದ ನೀರಾಗ ತೊಳದು, ಹೊಸ ಅರಬ್ಯಾಗ ಸುತ್ತಿ, ಕುಂಕುಮ ಇಟ್ಟು. ನಿಮ್ಮಿಬ್ಬರ ಹೊಕ್ಕಳ ಬಳ್ಳಿನೂ ಹಂಗ ಮಾಡಿದ್ದೆ. ಮೈಯಾಗಿಂದು ಮಣ್ಣಿಗೆ ಹೋಗಬೇಕು. ಆ ನೀರರ ಏನ ನಾರ್ತಿತ್ತು ಯವ್ವಾ, ಕಣ್ಣಾಗ ನೀರು ಬಂತು. ಕೂಸಿನ ಮೈಯಾಗಿನ ತುಂಡು ಅದರಾಗ ಹೆಂಗ ಇಡ್ಲಿ?"

ನಮ್ಮ ಮನೆಗಳಲ್ಲಿ ಮೈಯಿಂದ ಬೇರಾದ ಏನನ್ನೂ ಎಸೆಯುವುದಿಲ್ಲ. ಹೊಕ್ಕಳ ಬಳ್ಳಿ, ಬಿದ್ದ ಹಾಲುಹಲ್ಲು, ಎಲ್ಲ ನೆಲಕ್ಕೆ. ನನಗೆ ಇದು ಗೊತ್ತಿತ್ತು. ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಅವ್ವನಿಗೂ ಹೇಳುತ್ತಿದ್ದರು.

ಓಡಿ ಹೋಗಿ ಕುರುಪಿಯಿಂದ ಅಗೆದೆ. ರಾಯಚೂರಿನ ಬೇಸಿಗೆ, ಬಿಸಿ ಮಣ್ಣು, ಬಟ್ಟೆಯ ತುಂಬ ಕೆಂಜಿಗ. ಅದರಲ್ಲಿ ಉಳಿದದ್ದನ್ನು ತೆಗೆದುಕೊಂಡು ದವಾಖಾನೆಗೆ ಹೋದೆವು, ಮೂವರೂ. ಡಾಕ್ಟರಮ್ಮ ಬಟ್ಟೆ ಬಿಚ್ಚಿ ನೋಡಿ ಕುರ್ಚಿಗೆ ಒರಗಿದರು.

"ಇದರಾಗ ಇನ್ನೇನೂ ಗೊತ್ತಾಗಂಗಿಲ್ಲ. ಯಾರು ಮಾಡಿದ್ದಿದು? ನಾ ಅಷ್ಟು ಹೇಳಿ ಕಳಿಸಿದ್ದೆನಲ್ಲ?" ಎಂದು ನನ್ನ ಕಡೆ ನೋಡಿದರು.

ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಮುಂದೆ ಬಂದಳು.

"ನಾನ್ರೀ ಯವ್ವಾ. ಇಕಿ ಹೇಳಿದ್ಳು, ನೀರು ಚೆಲ್ಲಬ್ಯಾಡ, ಜಲ್ದಿ ಮುಟ್ಟಿಸಬೇಕಂತ. ಹೆಡ್ಡ ಮುದುಕಿ ನಾ, ತಲ್ಯಾಗ ಉಳೀಲಿಲ್ಲ. ನನಗ ಬೈರಿ."

ಡಾಕ್ಟರಮ್ಮ ಬೈದರು. ಅವ್ವ ಸೆರಗನ್ನು ಬಾಯಿಗೆ ಇಟ್ಟುಕೊಂಡು ಕೇಳಿಸಿಕೊಂಡಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಾ ನಿಂತೆ. ಹುಟ್ಟಿದಾಗಿನಿಂದ ನಾನು ಬೇಡಿದ್ದೆನಲ್ಲ, ಒಮ್ಮೆಯಾದರೂ ನನ್ನ ಪರವಾಗಿ ನಿಲ್ಲಲಿ ಎಂದು. ನಿಂತಳು. ನಿಂತದ್ದು ಹೀಗೆ.

"ಮತ್ತೊಂದು ತೆಗೀಬೇಕಾಗ್ತದ," ಎಂದರು ಡಾಕ್ಟರಮ್ಮ. "ಈ ಸಲ ಎಡಗಡಿ. ಕಿವಿ ಹತ್ರ ಅದ, ಜರಾ ನಾಜೂಕು ಜಾಗ. ಮೊದಲಿನ ಗಾಯ ಮಾಯಲಿ, ಎಂಟು ದಿನ ಬಿಟ್ಟು ಮಾಡೋಣು."

ತಂಗಿ ಪಟ್ಟಿ ಕಟ್ಟಿದ ಕುತ್ತಿಗೆಯನ್ನು ಮೈಸಮೇತ ತಿರುಗಿಸಿ ಅವ್ವನನ್ನು ನೋಡಿದಳು. "ಅಳಬ್ಯಾಡ ಬೇ ಯವ್ವಾ. ನನ್ನ ಕುತ್ತಿಗ್ಯಾಗ ಗಂಟಿಗೇನು ಬರಗಾಲ ಅದೇನು?"

ಆ ಎಂಟು ದಿನಗಳಲ್ಲಿ ದೇವದುರ್ಗದಿಂದ ಒಂದು ಚೀಲ ಬಂತು. ಅದರಲ್ಲಿ ತಂಗಿಯ ಸೀರೆಗಳನ್ನೆಲ್ಲ ಮಡಿಚಿ ಇಟ್ಟಿದ್ದರು. ಚೀಲ ತಂದ ಅವಳ ಗಂಡ, "ಅವ್ವ ಕಳಿಸ್ಯಾಳ" ಎಂದಷ್ಟೇ ಹೇಳಿ, ನೀರು ಕುಡಿದು, ತಲೆ ತಗ್ಗಿಸಿ ಹೋದ. ಕಾಗದ ಸಮಯಕ್ಕೆ ಸಿಕ್ಕಿದ್ದರೆ ಆ ಚೀಲ ಬರುತ್ತಿರಲಿಲ್ಲ. ತಂಗಿ ಸೀರೆಗಳನ್ನು ಒಂದೊಂದಾಗಿ ಎಣಿಸಿ, "ಮದುವಿ ಸೀರಿನೂ ಹಾಕ್ಯಾರ," ಎಂದಳು. ಅದೊಂದು ದಿನ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಆಗಲಿಲ್ಲ.

ಎರಡನೆಯ ಗಂಟನ್ನು ತೆಗೆದ ದಿನ ನಾನು ರಜೆ ಹಾಕಿದ್ದೆ. ಬಾಟಲಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆಟೋದಲ್ಲಿ ಲ್ಯಾಬಿಗೆ ಹೋದೆ. ಆಟೋದವನು "ಏನ್ರಿ ಟೀಚರ್, ಉಪ್ಪಿನಕಾಯೇನು?" ಎಂದು ಕೇಳಿದ.

ಕಾಗದ ಬರಲು ಕೆಲವು ದಿನ ಹಿಡಿಯಿತು. ಟಿಬಿ ಅಲ್ಲ. ಕ್ಯಾನ್ಸರಿನ ಜಾತಿಯದೂ ಅಲ್ಲ. ಕಿಕುಚಿ ಎಂಬ ರೋಗ, ಜಪಾನಿನವರು ಮೊದಲು ಗುರುತಿಸಿದ್ದು, ಎಂದರು ಡಾಕ್ಟರಮ್ಮ. ಹೆಚ್ಚಾಗಿ ಚಿಕ್ಕ ವಯಸ್ಸಿನ ಹೆಂಗಸರಿಗೆ ಬರುತ್ತದಂತೆ. ಯಾಕೆ ಬರುತ್ತದೆ ಎಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲವಂತೆ. ಕುತ್ತಿಗೆಯ ಗ್ರಂಥಿ ಒಳಗೊಳಗೇ ಬೆಂದು, ಜ್ವರ ಎಬ್ಬಿಸಿ, ಕೆಲವು ತಿಂಗಳಲ್ಲಿ ತಾನೇ ಆರಿ ಹೋಗುತ್ತದೆ. ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ.

"ಜ್ವರಕ್ಕ, ನೋವಿಗೆ ಗುಳಗಿ ಕೊಡ್ತೀನಿ. ಬಾಕಿ ಅದ ಇಳೀತದ. ಆದ್ರ ಮರೀಬ್ಯಾಡ್ರಿ, ಆಗಾಗ ಬಂದು ತೋರಸ್ಬೇಕು. ಇದು ಒಮ್ಮೊಮ್ಮಿ ತಿರುಗಿ ಬರ್ತದ. ಕೆಲವರಿಗೆ ಮುಂದ ಮೈಯಾಗ ಬ್ಯಾರೆ ತಕರಾರಿಗೂ ದಾರಿ ಮಾಡ್ತದ." ಆಮೇಲೆ ನಾನು ಕೇಳದಿದ್ದರೂ ಒಂದು ಹಾಳೆಯಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದು ಸಹಿ, ಮುದ್ರೆ ಹಾಕಿ ಕೊಟ್ಟರು: ಇದು ಹರಡುವ ರೋಗ ಅಲ್ಲ.

ಸೀರೆಯ ಚೀಲ ತೆಗೆದುಕೊಂಡು ದೇವದುರ್ಗಕ್ಕೆ ಮೂವರೂ ಹೋದೆವು. ಅತ್ತೆಯ ಮುಂದೆ ನಾನು ಆ ಹಾಳೆಯನ್ನು ಎರಡು ಸಲ ಗಟ್ಟಿಯಾಗಿ ಓದಿದೆ.

"ಜಪಾನಿನ ರೋಗ ದೇವದುರ್ಗಕ್ಕ ಹೆಂಗ ಬಂತು?" ಎಂದಳು ಅತ್ತೆ, ಅನುಮಾನದಿಂದ.

"ಬಸ್ಸಿಗೆ ಬಂದಿರಬೇಕು ಬಿಡ್ರಿ ಬೀಗತಿ," ಎಂದಳು ಅವ್ವ. "ಹೊಳ್ಳಿನೂ ಹೋಗ್ತದಂತ. ನೀವು ಸೀರಿ ಚೀಲ ಒಳಗ ಇಡ್ರಿ."

ಅತ್ತೆ ಸ್ವಲ್ಪ ಹೊತ್ತು ಆ ಮುದ್ರೆಯ ಮೇಲೆ ಬೆರಳಾಡಿಸಿದಳು. ಎದ್ದು ಹೋಗಿ ಚಹಾ ತಂದಳು, ತಂಗಿಗೂ ಎಲ್ಲರಂಥದೇ ಲೋಟ. ಕೆಂಪು ದಾರದ ತಟ್ಟೆಯನ್ನು ಯಾರೂ ಮಾತಿಗೆ ತರಲಿಲ್ಲ.

ಹೊರಡುವ ಮೊದಲು ತಂಗಿ ನನ್ನನ್ನು ಹಿತ್ತಲಿಗೆ ಕರೆದಳು. ಎಡಗಡೆಯ ಗಾಯ ಇನ್ನೂ ಕೆಂಪಗಿತ್ತು. "ಅವ್ವನ್ನ ಬಯ್ಯಬ್ಯಾಡಕ್ಕ," ಎಂದಳು. "ಪಾಪ, ಅಕಿಗೇನು ಗೊತ್ತು?"

ಆಗ ಹೇಳಿಬಿಟ್ಟೆ. ಅವ್ವ ಮರೆತದ್ದಲ್ಲ, ನಾನೇ ಹೇಳಿರಲಿಲ್ಲ ಎಂದೆ. ರೊಟ್ಟಿ ಬುಟ್ಟಿಯ ಮಾತು, ಅರಿಶಿನದ ಡಬ್ಬಿ, ಲ್ಯಾಬಿನ ಮುಂದೆ ಹಾದು ಹೋದದ್ದು, ಎಲ್ಲ. ಹೇಳುತ್ತಾ ನನಗೆ ಅಳು ಬಂತು. ಅವಳು ಅಳಲಿಲ್ಲ.

"ಇದನ್ನ ನನಗ ಯಾಕ ಹೇಳ್ದಿ?" ಎಂದಳು. "ಹೇಳಿ ನೀ ಹಗುರಾದಿ. ಕೊಯ್ಸಿಕೊಂಡಾಕಿ ನಾ." ಒಳಗೆ ಹೋಗಿಬಿಟ್ಟಳು.

ಬಸ್ಸಿನಲ್ಲಿ ಅವ್ವನಿಗೂ ಹೇಳಿದೆ, ತಂಗಿಗೆ ಹೇಳಿದೆನೆಂದು. ಅವ್ವ ಕಿಟಕಿಯ ಕಡೆ ಮುಖ ಮಾಡಿ, "ನಾ ಬೈಸಿಕೊಂಡದ್ದು ದಂಡ ಮಾಡಿದಿ," ಎಂದಳು. ಮಾನ್ವಿಯಲ್ಲಿ ತನ್ನ ಚೀಲ ತಾನೇ ಎತ್ತಿಕೊಂಡು ಇಳಿದು ಹೋದಳು.

ತಂಗಿ ನನಗೆ ಫೋನ್ ಮಾಡುವುದನ್ನು ಬಿಟ್ಟಳು. ಅವ್ವನಿಗೆ ದಿನಾ ಮಾಡುತ್ತಾಳೆಂದು ಅವ್ವನೇ ಹೇಳುವಳು: ಜ್ವರ ಬಿಟ್ಟಿತಂತೆ, ಗಂಟು ಇಳಿದವಂತೆ, ಖಾರ ತಿಂದಳಂತೆ. ನಾನು ಕೇಳಿಸಿಕೊಳ್ಳುತ್ತಿದ್ದೆ. ಇಬ್ಬರೂ ಮಾತಾಡುತ್ತಾರೆ ಎಂಬುದಕ್ಕೆ ಮತ್ತೆ ಹೊಟ್ಟೆ ಉರಿಯುತ್ತಿತ್ತು. ನಾಚಿಕೆಯೂ ಆಗುತ್ತಿತ್ತು, ಉರಿಯೂ ಹೋಗುತ್ತಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ದಿನ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಶಾಲೆಯ ಗೇಟಿನ ಹತ್ತಿರ ತಂಗಿ ನಿಂತಿದ್ದಳು. ಕೈಯಲ್ಲಿ ಒಂದು ಚೀಲ, ಸೆರಗು ಕುತ್ತಿಗೆಗೆ ಸುತ್ತಿತ್ತು. ನಾನು ಹತ್ತಿರ ಹೋದ ಕೂಡಲೇ ನನ್ನ ಬೆರಳು ಹಿಡಿದು ದವಡೆಯ ಕೆಳಗೆ ಒತ್ತಿಕೊಂಡಳು. ಅಲ್ಲಿ ಕಡಲೆಯಷ್ಟು ಗಟ್ಟಿಯಾದದ್ದು ಒಂದಿತ್ತು.

"ನಿನ್ನೆ ಕಂಡದ," ಎಂದಳು. "ಮನ್ಯಾಗ ಯಾರಿಗೂ ಹೇಳಿಲ್ಲ. ಅವ್ವಗೂ ಹೇಳಿಲ್ಲ. ಸೀದಾ ಇಲ್ಲಿಗೆ ಬಂದೀನಿ."

ನನ್ನೊಳಗೆ ಮೊದಲು ಎದ್ದದ್ದು ಖುಷಿ. ನನ್ನ ಹತ್ತಿರ ಮೊದಲು ಬಂದಳು, ಮಾನ್ವಿಗೆ ಹೋಗದೆ ಬಂದಳು ಎಂಬ ಖುಷಿ. ಭಯ ಆಮೇಲೆ ಬಂತು. ಆ ಎರಡರ ನಡುವೆ ಎಷ್ಟು ಹೊತ್ತು ಇತ್ತೋ ಗೊತ್ತಿಲ್ಲ. ಇತ್ತು ಎಂಬುದು ಮಾತ್ರ ಗೊತ್ತು.

ಹೆಡ್‌ಮಾಸ್ತರರಿಗೆ ಹೇಳಿ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಅವರು ಹಿಂದೆ ನಿಂತು ಬಹಳ ಹೊತ್ತು ಒತ್ತಿ ನೋಡಿದರು, ರಕ್ತ ಪರೀಕ್ಷೆಗೆ ಬರೆದರು. ಆ ರೋಗದ್ದೇ ಚಿಕ್ಕ ಬಾಲ ಇರಬೇಕು, ಕೊಯ್ಯುವುದು ಬೇಡ, ಎರಡು ವಾರ ಬಿಟ್ಟು ಬನ್ನಿ, ಇಳಿಯದಿದ್ದರೆ ನೋಡೋಣ ಎಂದರು.

ಹೊರಗೆ ಬಂದು ಆಟೋಕ್ಕೆ ಕಾಯುತ್ತಾ ನಿಂತೆವು. ತಂಗಿ ತನ್ನ ಫೋನನ್ನು ನನ್ನ ಕೈಗೆ ಕೊಟ್ಟಳು.

"ಅವ್ವಗ ನೀನ ಹೇಳು."

"ಏನಂತ ಹೇಳ್ಲಿ? ಗಾಬರಿ ಆಗ್ತಾಳ."

"ಮೊದಲು ನನ್ನ ಹತ್ರ ಬಂದಾಳ ಅಂತ ಹೇಳು," ಎಂದಳು ತಂಗಿ. "ಅದನ್ನ ಹೇಳಬೇಕಂತ ಆಗಳಿಂದ ನಿನ್ನ ಹೊಟ್ಟಿ ಕುದಿಯಾಕತ್ತದ. ನನಗ ಗೊತ್ತಿಲ್ಲೇನು? ಅದು ಮೊದಲು ಹೇಳು. ಗಂಟಿನ ಮಾತು ಆಮ್ಯಾಲ ಹೇಳೀಯಂತ."

ಅವಳು ನಗಲಿಲ್ಲ. ಆದರೆ ಫೋನನ್ನು ವಾಪಸ್ಸು ಕಿತ್ತುಕೊಳ್ಳಲೂ ಇಲ್ಲ. ಅವ್ವನ ನಂಬರು ಒತ್ತಿದೆ. ಆ ಕಡೆ "ಯವ್ವಾ, ಹೇಳು" ಎಂದಳು ಅವ್ವ, ತಂಗಿ ಎಂದುಕೊಂಡು, ಬೆಣ್ಣೆಯಂಥ ದನಿಯಲ್ಲಿ.

"ನಾನು ಬೇ ಅವ್ವಾ," ಎಂದೆ. "ದೊಡ್ಡಾಕಿ."